ಒಂದೇ ಬೀದಿಯ ಎರಡು ಚೀಟಿ

ಏಳು ಚೀಟಿಗಳಲ್ಲಿ ಐದು ಹೊರಗೆ ಬಂದಾಗಲೇ ನಮ್ಮ ಬೀದಿಯ ಯಜಮಾನರು ಓಬಳಯ್ಯ ತಲೆಯ ಮೇಲೆ ಕೈ ಹೊತ್ತು ಕುಳಿತರು. ತಂಬಿಗೆಯ ತಳದಲ್ಲಿ ಇನ್ನೆರಡು ಉಳಿದಿದ್ದವು, ಎರಡೂ ನಮ್ಮವೇ. ಒಂದರಲ್ಲಿ ನಿಂಗಾಜಮ್ಮ ಎಂಬ ನನ್ನ ಹೆಸರು, ಇನ್ನೊಂದರಲ್ಲಿ ನನ್ನ ವಾರಗಿತ್ತಿ ದೇವೀರಮ್ಮನ ಹೆಸರು. ಆದರೂ ಶಾಸ್ತ್ರ ಬಿಡಬಾರದಲ್ಲ, ಹೋದ ವರ್ಷ ಸ್ನೂಕರ್ ಗೆದ್ದ ರುದ್ರಾರಾಧ್ಯರು ಅಂಗಿಯ ತೋಳು ಮಡಚಿ, ತಂಬಿಗೆಗೆ ಕೈಬಿಟ್ಟು ಅವನ್ನೂ ಎತ್ತಿದರು, ಗಟ್ಟಿಯಾಗಿ ಓದಿದರು, ಚಾವಡಿಯ ಗೋಡೆಯ ಮೇಲೆ ಎಲ್ಲಕ್ಕಿಂತ ಕೆಳಗೆ ಇದ್ದಿಲಿನಲ್ಲಿ ಬರೆದರು. ಒಂದೇ ಬೀದಿಯ, ಒಂದೇ ಮನೆಯ ಇಬ್ಬರು ಮೊದಲ ಆಟದಲ್ಲೇ ಎದುರುಬದುರು. ಎಲೆಬೀದಿಯವರು ಮುಸಿಮುಸಿ ನಕ್ಕರು. ನಗದೆ ಏನು ಮಾಡುತ್ತಾರೆ, ರುದ್ರಾರಾಧ್ಯರು ಅವರ ಬೀದಿಯವರು.

ನಮ್ಮೂರಲ್ಲಿ ಸ್ನೂಕರ್ ಗೆದ್ದವರ ಬೀದಿಗೆ ಹೊಳೆ ಬರುತ್ತದೆ. ವರ್ಷವಿಡೀ ಅಲ್ಲೇ ಹರಿಯುತ್ತದೆ. ಮುಂದಿನ ಸಲ ಬೇರೆ ಬೀದಿಯವರು ಗೆದ್ದರೆ ಎದ್ದು ಅಲ್ಲಿಗೆ ಹೋಗುತ್ತದೆ. ಹಾಗಾಗಿ ನಾಲ್ಕೂ ಬೀದಿಗಳ ನಡುಮಧ್ಯದಲ್ಲಿ ಕಲ್ಲು ಕಟ್ಟಿದ ಕಾಲುವೆ ಇದೆ. ಹೊಳೆ ಇಲ್ಲದ ಬೀದಿಯವರು ಅದರೊಳಗೆ ಕರು ಕಟ್ಟುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಮಕ್ಕಳು ಗೋಲಿ ಆಡುತ್ತವೆ. ಬಟ್ಟೆ ಒಗೆಯುವ ಕಲ್ಲುಗಳಿಗೆಲ್ಲ ಚಕ್ರ ಇವೆ. ಬಾತುಕೋಳಿಗಳು ಫೈನಲ್ ದಿನ ಚೌಕದಲ್ಲಿ ಬಂದು ನಿಂತುಕೊಂಡು, ಯಾವ ಕಡೆ ಹೋಗಬೇಕೆಂದು ಗೊತ್ತಾಗುವವರೆಗೆ ಕತ್ತು ಉದ್ದ ಮಾಡಿ ಕಾಯುತ್ತವೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವರ್ಷ ಬಾಯಿ ಬಿಟ್ಟು ನೋಡುತ್ತಾರೆ, ಎರಡನೆಯ ವರ್ಷದಿಂದ ಅವರೂ ಚೀಟಿಯ ಲೆಕ್ಕ ಹಾಕಲು ಶುರು ಮಾಡುತ್ತಾರೆ.

ನಮ್ಮದು ಬಣ್ಣಗಾರ ಬೀದಿ. ನೂಲಿಗೆ ಬಣ್ಣ ಹಾಕುವುದು ನಮ್ಮ ಕಸುಬು. ಹಂಡೆಯಲ್ಲಿ ಅದ್ದಿದ ನೂಲನ್ನು ಹರಿಯುವ ನೀರಲ್ಲಿ ಜಾಲಿಸದಿದ್ದರೆ ಬಣ್ಣ ನಿಲ್ಲುವುದಿಲ್ಲ, ಬಾವಿಯದ್ದೋ ಬರೀ ಸವಳು. ಎಷ್ಟೋ ವರ್ಷದಿಂದ ಹೊಳೆ ಎಲೆಬೀದಿಯಲ್ಲೇ ಕಾಲು ಚಾಚಿಕೊಂಡು ಮಲಗಿದೆ. ನಮ್ಮ ಗಂಡಸರು ಒದ್ದೆ ನೂಲು ಹೊತ್ತುಕೊಂಡು ಅಲ್ಲಿಗೆ ಹೋಗಿ, ಅವರ ವೀಳ್ಯದೆಲೆಗಳೆಲ್ಲ ತೊಳೆದು ಮುಗಿಯುವವರೆಗೆ ಕೈಕಟ್ಟಿ ನಿಂತು, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಜಾಲಿಸಿಕೊಂಡು ಬರಬೇಕು. ಅಷ್ಟರಲ್ಲಿ ಅರ್ಧ ಬಣ್ಣ ದಾರಿಯಲ್ಲೇ ಸೋರಿಹೋಗಿರುತ್ತದೆ. ಒಬ್ಬೊಬ್ಬರೇ ಕಸುಬು ಬಿಟ್ಟರು. ಈ ವರ್ಷವೂ ಹೊಳೆ ಬಾರದಿದ್ದರೆ ಉಳಿದವರೂ ಹಂಡೆ ಬೋರಲು ಹಾಕುವುದು ಎಂದು ಬೀದಿಯವರೆಲ್ಲ ಕೂತು ತೀರ್ಮಾನಿಸಿದ್ದರು. ಒಮ್ಮೆ ಬೋರಲು ಹಾಕಿದ ಹಂಡೆಯನ್ನು ಮತ್ತೆ ಎತ್ತಿ ನಿಲ್ಲಿಸುವುದು ನಮ್ಮಲ್ಲಿಲ್ಲ. ಸತ್ತವರನ್ನು ಎಬ್ಬಿಸಿದ ಹಾಗೆ ಆಗುತ್ತದೆ ಎನ್ನುತ್ತಾರೆ.

ಟೀ ಅಂಗಡಿಯಲ್ಲಿ ಆವತ್ತು ಚೀಟಿಗಳದೇ ಮಾತು. ಗೆದ್ದವರ ಹೆಸರಿಗೆ ಚೀಟಿ ಇರುವುದಿಲ್ಲ, ಅದನ್ನು ಗೋಡೆಯ ತುದಿಯಲ್ಲಿ ಮೊದಲೇ ಬರೆದುಬಿಡುತ್ತಾರೆ. ಉಳಿದವರು ಚೀಟಿ ಬಂದ ಹಾಗೆ. ಮೇಲಿನ ಅರ್ಧದಲ್ಲಿ ರುದ್ರಾರಾಧ್ಯರ ಜೊತೆ ಕೋಲು ನೆಟ್ಟಗೆ ಹಿಡಿಯಲೂ ಬಾರದ ಸುಣ್ಣದ ಬೀದಿಯ ಇಬ್ಬರು ಮತ್ತು ಗಾಡಿಬೀದಿಯ ಹೊಸ ಹುಡುಗ. ಕೆಳಗಿನ ಅರ್ಧದಲ್ಲಿ ಗಾಡಿಬೀದಿಯ ಹಳೇ ಹುಲಿ ಕರಿಹಾಲಪ್ಪ, ಎಲೆಬೀದಿಯ ಇನ್ನೊಬ್ಬ, ಆಮೇಲೆ ನಾವಿಬ್ಬರು. ಮೇಲಿನದು ಬೆಣ್ಣೆ, ಕೆಳಗಿನದು ಕಲ್ಲು ಎಂದು ಎಲ್ಲರೂ ತಲೆಯಾಡಿಸಿದರು. ರುದ್ರಾರಾಧ್ಯರು ಮೋಸ ಮಾಡುವವರಲ್ಲ, ಆಟವೂ ಚೆನ್ನಾಗಿಯೇ ಆಡುತ್ತಾರೆ. ಆದರೆ ಚೀಟಿಗಳು ಮಾತ್ರ ಅವರ ಮನೆಯ ಆಳುಗಳ ಹಾಗೆ ನಡೆದುಕೊಳ್ಳುತ್ತವೆ.

ಸಂಜೆ ಓಬಳಯ್ಯನವರು ನಮ್ಮ ಜಗಲಿಗೆ ಬಂದು ಕೂತರು. ದೇವೀರಿ ಒಳಗಿದ್ದಳು, ಆದರೆ ಅವಳ ಕಿವಿ ಬಾಗಿಲಲ್ಲಿತ್ತು.

"ನಿಂಗಾಜಮ್ಮ, ನಾನ್ ಬಂದಿದ್ ಯಾಕೆ ಅಂತ ನಿನಗ್ ಗೊತ್ತು" ಎಂದರು.

"ಗೊತ್ತಿಲ್ಲ, ಹೇಳಿ" ಎಂದೆ. ಗೊತ್ತಿತ್ತು.

"ನೀನು ಕೋಲು ಒಪ್ಪಿಸ್ಬುಡವ್ವ. ದೇವೀರಿ ಆಟ ನಿನಗಿಂತ ಒಂದು ಕೈ ಮೇಲು, ಅದನ್ನ ನಾನ್ ಹೇಳ್ಬೇಕಾ? ನಿನ್ ಜೊತೆ ಗುದ್ದಾಡಿ ಸುಸ್ತಾಗಿ ಆ ಕರಿಹಾಲಪ್ಪನ ಮುಂದೆ ನಿಂತ್ರೆ ಏನ್ ಬಂತು? ಆಡ್ದೆ ಮುಂದಕ್ಕೋಗ್ಲಿ, ಮೈ ಹಗುರವಾಗಿರ್ಲಿ. ಬೀದಿ ಉಳೀತದೆ."

ಕೋಲು ಒಪ್ಪಿಸುವುದೆಂದರೆ ಆಡದೆಯೇ ಎದುರಾಳಿಯ ಕೈಗೆ ನಮ್ಮ ಕೋಲು ಕೊಟ್ಟು ಕೂತುಬಿಡುವುದು. ಹಾಗೆ ಮಾಡಬಹುದು, ತಪ್ಪೇನಿಲ್ಲ. ಆದರೆ ನಮ್ಮ ಆಟದಲ್ಲಿ ಇನ್ನೊಂದು ರೂಢಿ ಇದೆ. ಸೋತವರು ಗೆದ್ದವರ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಗೆದ್ದವರ ಆಟದಲ್ಲಿ ತಾವು ಕಂಡ ಒಂದು ಕುಂದು, ಇದ್ದದ್ದು ಇದ್ದ ಹಾಗೆ. ಅದಕ್ಕೆ ಸೋತ ಮಾತು ಅನ್ನುತ್ತಾರೆ. ಆಮೇಲೆ ಪಂದ್ಯಾವಳಿ ಮುಗಿಯುವವರೆಗೆ ಸೋತವರು ಗೆದ್ದವರ ಬೆನ್ನ ಹಿಂದೆ ಕೂರಬೇಕು. ಗಟ್ಟಿಯವರನ್ನು ಗೆದ್ದರೆ ಗಟ್ಟಿ ಮಾತು ಸಿಗುತ್ತದೆ. ರುದ್ರಾರಾಧ್ಯರಿಗೆ ಇಷ್ಟು ವರ್ಷ ಸಿಕ್ಕ ಸೋತ ಮಾತುಗಳೆಂದರೆ, ನೀವು ಮಧ್ಯೆ ಮಧ್ಯೆ ಸ್ವಲ್ಪ ನೀರು ಕುಡಿಯಬೇಕು ಸ್ವಾಮಿ, ಇಂಥವು.

"ಆಡ್ದೆ ಮುಂದಕ್ಕೋದ್ರೆ ಅವಳಿಗೆ ಮಾತು ಕೊಡೋರ್ಯಾರು? ಬರೀ ಕಿವೀಲಿ ಹೋಗಿ ಕರಿಹಾಲಪ್ಪನ ಮುಂದೆ ನಿಲ್ಬೇಕಾ?" ಎಂದೆ.

"ಮಾತು ಕಟ್ಕೊಂಡು ಏನ್ ಮಾಡ್ತೀಯವ್ವ, ಬೇಕಾಗಿರೋದು ಹೊಳೆ."

"ಆಡ್ತೀನಿ ಓಬಳಯ್ಯನೋರೆ. ಚೀಟಿ ಹೆಂಗ್ ಬಂತೋ ಹಂಗ್ ಆಡ್ತೀನಿ. ಅವಳು ಮೇಲು ಅನ್ನೋದಾದ್ರೆ ನನ್ನ ಸೋಲಿಸಿ ಹೋಗ್ಲಿ."

ಮಾತಿನ ವಿಷಯ ಹೇಳಿದ್ದು ನಿಜವೇ. ಆದರೆ ಅದಕ್ಕಿಂತ ಹೆಚ್ಚು ನಿಜವಾದದ್ದು ಹೊಟ್ಟೆಯೊಳಗಿತ್ತು. ದೇವೀರಿ ಈ ಮನೆಗೆ ಬಂದ ದಿನದಿಂದ ನಾನು ಮಾಡಿದ್ದಕ್ಕೆಲ್ಲ ಅವಳದ್ದು ಇನ್ನೊಂದು ಕೈ ಮೇಲೆ. ನಾನು ಹಾಕಿದ ಕೆಂಪು ಇಟ್ಟಿಗೆ ಆದರೆ ಅವಳದ್ದು ದಾಸವಾಳ. ನನ್ನ ಹಂಡೆಗೆ ಇಣುಕಿ ಮೂತಿ ತಿರುವಿ ಹೋಗುವುದು ಅವಳ ದಿನಚರಿ. ಒಂದು ಮಾತಿಲ್ಲ, ಬರೀ ಮೂತಿ. ಅವಳಿಗೆ ಕೋಲು ಒಪ್ಪಿಸಿ ಕೂರುವುದಕ್ಕಿಂತ ಹಂಡೆಯೊಳಗೆ ನಾನೇ ಬೀಳುವುದು ವಾಸಿ ಅನ್ನಿಸಿತು. ಓಬಳಯ್ಯ ಎದ್ದುಹೋದ ಮೇಲೆ ದೇವೀರಿ ಹೊರಗೆ ಬಂದು, "ಒಪ್ಪಿಸಿದ್ರೂ ನಾನ್ ತಗೊತಿರ್ಲಿಲ್ಲ" ಎಂದಳು. ಅವಳಿಂದ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು, ಆದರೆ ಅವಳು ಅದನ್ನು ಬೈದ ಹಾಗೆಯೇ ಹೇಳಿದಳು.

ಚಾವಡಿಯ ಮೇಜಿನ ಹಸಿರು ಬಟ್ಟೆಗೆ ನಮ್ಮ ಮಾವನವರ ಕಾಲದಲ್ಲಿ ನಮ್ಮ ಬೀದಿಯವರೇ ಬಣ್ಣ ಹಾಕಿದ್ದು. ಈಗ ಅಲ್ಲಲ್ಲಿ ಮಾಸಿ ಹುಲ್ಲುಗಾವಲಿನ ಹಾಗೆ ಕಾಣುತ್ತದೆ. ಮೂರು ಫ್ರೇಮಿನ ಆಟ. ಮೊದಲನೆಯದನ್ನು ದೇವೀರಿ ಒಂದೇ ಉಸಿರಿನಲ್ಲಿ ಮುಗಿಸಿದಳು. ಎರಡನೆಯದರಲ್ಲಿ ನನಗೆ ಅದೇನು ಬಂತೋ, ಕೆಂಪು ಚೆಂಡುಗಳು ನಾನು ನೋಡಿದ ಕಡೆಗೇ ಉರುಳಿದವು. ಮೂರನೆಯದು ಎಳೆದಾಡಿ ಎಳೆದಾಡಿ ಕೊನೆಗೆ ಆರು ಅಂಕದ ಗುಲಾಬಿ ಮತ್ತು ಏಳು ಅಂಕದ ಕರಿ ಚೆಂಡುಗಳು ಮಾತ್ರ ಮೇಜಿನ ಮೇಲೆ ಉಳಿದವು. ಅವಳು ಐದು ಅಂಕ ಮುಂದಿದ್ದಳು, ಹೊಡೆಯುವ ಸರದಿಯೂ ಅವಳದೇ. ಬಿಳಿ ಚೆಂಡನ್ನು ಕರಿಯ ಹಿಂದೆ ಬಚ್ಚಿಟ್ಟು ನನ್ನ ದಾರಿ ಮುಚ್ಚಬಹುದಿತ್ತು. ಬದಲಿಗೆ ಮೇಜಿನ ಆ ತುದಿಯಿಂದ ಈ ತುದಿಗೆ ಗುಲಾಬಿಯನ್ನು ಉದ್ದಕ್ಕೆ ಹೊಡೆದಳು. ಚಾವಡಿಯೇ ಹೋ ಎಂದಿತು. ಗುಲಾಬಿ ತೂತಿನ ಬಾಯಲ್ಲಿ ಅಲ್ಲಾಡಿ ನಿಂತುಬಿಟ್ಟಿತು. ನಾನು ಅದನ್ನು ಒಳಗೆ ತಳ್ಳಿದೆ, ಹಿಂದೆಯೇ ಕರಿಯನ್ನೂ ಹಾಕಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಓಬಳಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಗೆದ್ದೋಳು ನೀನು, ಮುಳುಗಿದ್ದು ಬೀದಿ" ಎಂದು ಹೊರಗೆ ಹೋದರು. ನನ್ನ ಗಂಡನೂ ಮುಖ ಎತ್ತಲಿಲ್ಲ. ದೇವೀರಿ ಮಾತ್ರ ನೆಟ್ಟಗೆ ನಡೆದು ಬಂದು ನನ್ನ ಕಿವಿಗೆ ಬಾಯಿಟ್ಟಳು. ಅವಳ ಉಸಿರಿನಲ್ಲಿ ಎಲೆಯಡಿಕೆಯ ವಾಸನೆ ಇತ್ತು.

"ಅಕ್ಕಾ, ನಿನ್ ಕೈ ನನ್ ಮೇಲಿನ ಸಿಟ್ಟಿಗೆ ಓಡೋದು. ಎದುರಿಗೆ ನಾನ್ ಇಲ್ದಿದ್ರೆ ನಿನ್ ಕೋಲು ಬರೀ ಕೋಲು."

ಸೋತ ಹೊಟ್ಟೆಯುರಿಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಸೋತ ಮಾತಿನಲ್ಲೂ ಒಂದು ಕೈ ಮೇಲೆ ಇರಬೇಕೇ ಇವಳಿಗೆ? ಆ ದಿನ ನಮ್ಮ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿದವು, ಅಣ್ಣತಮ್ಮಂದಿರು ಯಾವ ಕಡೆ ಕೂತು ಉಣ್ಣಬೇಕೆಂದು ತಿಳಿಯದೆ ಜಗಲಿಯಲ್ಲಿ ನಿಂತಿದ್ದರು.

ಕರಿಹಾಲಪ್ಪ ಎಲೆಬೀದಿಯವನನ್ನು ಸುಲಭವಾಗಿ ಸೋಲಿಸಿ ಬಂದಿದ್ದ. ವಯಸ್ಸಾದವನು, ಮೆತ್ತಗಿನ ಮಾತಿನವನು. ಸೆಮಿಫೈನಲ್ ದಿನ ಮೇಜಿನ ಹತ್ತಿರ ಬಂದು, "ಊಟ ಆಯ್ತಾ ಮಗಳೇ?" ಎಂದು ಕೇಳಿದ. ಇಂಥವನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ಕೋಲು ಹಿಡಿದೆ, ಕೈ ಎದ್ದೇಳಲಿಲ್ಲ. ಹತ್ತಿರದ ಕೆಂಪು ಕೂಡ ಒಳಗೆ ಹೋಗದೆ ಅಂಚಿಗೆ ಬಡಿದು ವಾಪಸು ಬಂತು. ಚಹಾ ಕುಡಿಯುತ್ತಾ ಹರಟೆ ಹೊಡೆಯುವವಳ ಹಾಗೆ ಆಡಿದೆ. ಮೊದಲ ಫ್ರೇಮು ಅವನದ್ದಾಯಿತು. ಬೆಂಚಿನ ಮೇಲೆ ಕೂತು ನನ್ನ ಕೈಗಳನ್ನು ನೋಡಿಕೊಂಡೆ, ನನ್ನವೇ ಅನ್ನಿಸಲಿಲ್ಲ. ಆಗ ತಿಳಿಯಿತು, ದೇವೀರಿ ಹೇಳಿದ್ದು ಹೊಟ್ಟೆಯುರಿಯಲ್ಲ. ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದಳು. ಸೋತ ಗಳಿಗೆಯಲ್ಲಿ ಯಾವುದಾದರೂ ಚಿಲ್ಲರೆ ಮಾತು ಕೊಟ್ಟು ನನ್ನನ್ನು ಮುಳುಗಲು ಬಿಡಬಹುದಿತ್ತು, ಬಿಡಲಿಲ್ಲ. ನನಗೆ ನಾಚಿಕೆಯೂ ಆಯಿತು, ಜೊತೆಗೆ ಇನ್ನಿಲ್ಲದ ಹಟವೂ ಬಂತು. ಸಿಟ್ಟಿಗೇ ಓಡುವ ಕೈಯಾದರೆ ಸಿಟ್ಟನ್ನೇ ತಂದು ಎದುರಿಗೆ ಕೂರಿಸಿಕೊಂಡರಾಯಿತು.

ಅವಳು ರೂಢಿಯಂತೆ ನನ್ನ ಬೆನ್ನ ಹಿಂದಿನ ಸ್ಟೂಲಿನಲ್ಲಿದ್ದಳು.

"ದೇವೀರಿ, ಎದ್ದು ಆ ಕಡೆ ಕೂತ್ಕೋ" ಎಂದೆ. "ನನ್ ಕಣ್ಣಿಗೆ ಕಾಣೋ ಹಾಗೆ."

ಅವಳು ಸ್ಟೂಲು ಎತ್ತಿಕೊಂಡು ಮೇಜಿನ ಆಚೆ ತುದಿಗೆ ನಡೆದಳು. ತೀರ್ಪುಗಾರರು ಅಡ್ಡ ಬಂದು, ಸೋತವರು ಬೆನ್ನ ಹಿಂದೆ ಕೂರಬೇಕು, ಇದು ರೂಢಿಯಲ್ಲ ಎಂದರು.

"ಹಿಂದೆ ಕೂತ್ರೂ ಅವಳ ಕಡೆಯೋಳೇ, ಮುಂದೆ ಕೂತ್ರೂ ಅವಳ ಕಡೆಯೋಳೇ" ಎಂದಳು ದೇವೀರಿ. "ಅವಳ ಬೆನ್ನು ನೋಡಿ ನೋಡಿ ನನಗೂ ಸಾಕಾಗ್ಯದೆ."

ಜನ ನಕ್ಕರು. ಕರಿಹಾಲಪ್ಪನೇ, "ಕೂರ್ಲಿ ಬುಡಿ ಸ್ವಾಮಿ, ನನಗೇನ್ ತೊಂದ್ರೆ?" ಎಂದ. ಪಾಪ, ಅವನಿಗೆ ತೊಂದರೆ ಅದೇ ಅಂತ ಗೊತ್ತಿರಲಿಲ್ಲ. ದೇವೀರಿ ಎದುರಿಗೆ ಕೂತು, ಕಾಲ ಮೇಲೆ ಕಾಲು ಹಾಕಿ, ಎಲೆಗೆ ಸುಣ್ಣ ಹಚ್ಚತೊಡಗಿದಳು. ನಾನು ಬಗ್ಗಿ ಗುರಿ ನೋಡಿದಾಗ ಬಿಳಿ ಚೆಂಡಿನ ಆಚೆ ಅವಳ ಮುಖ, ನನ್ನ ಹಂಡೆಗೆ ಇಣುಕುವಾಗಿನ ಅದೇ ಮುಖ. ಕೈ ಓಡಿತು. ಎರಡನೆಯ ಫ್ರೇಮು ನನ್ನದು, ಮೂರನೆಯದೂ ನನ್ನದು. ಕರಿಹಾಲಪ್ಪ ಕಿವಿಯಲ್ಲಿ, "ಹೊಡೆಯೋ ಮುಂಚೆ ಉಸಿರು ಕಟ್ಕೊಂತೀಯ ಮಗಳೇ, ಅದಕ್ಕೇ ಉದ್ದದ ಹೊಡೆತ ತಪ್ತವೆ. ಒಂದ್ಸಲ ಬಿಟ್ಟು ಹೊಡಿ" ಎಂದು ಹೇಳಿ ನನ್ನ ಬೆನ್ನ ಹಿಂದೆ ಹೋಗಿ ಕೂತ. ಅಂಥ ಮಾತನ್ನು ರುದ್ರಾರಾಧ್ಯರಿಗೆ ಈ ಜನ್ಮದಲ್ಲಿ ಯಾರೂ ಕೊಟ್ಟಿರಲಾರರು.

ಫೈನಲ್ ದಿನ ಬಣ್ಣಗಾರ ಬೀದಿಯವರೆಲ್ಲ ಬಂದಿದ್ದರು. ಮುಖ ಊದಿಸಿಕೊಂಡೇ ಬಂದಿದ್ದರು, ಆದರೂ ಬಂದಿದ್ದರು. ಓಬಳಯ್ಯ ಬೆಳಿಗ್ಗೆಯೇ ತಮ್ಮ ಹಂಡೆಯ ನೀಲಿಯನ್ನು ಬೇರೆ ಪಾತ್ರೆಗಳಿಗೆ ತೋಡಿಟ್ಟು ಬಂದಿದ್ದಾರೆ, ಸೋತರೆ ಸಂಜೆಯೇ ಬೋರಲು ಹಾಕುತ್ತಾರೆ ಎಂದು ಯಾರೋ ಪಿಸುಗುಟ್ಟಿದರು. ಅದು ನನಗೆ ಕೇಳಲಿ ಅಂತಲೇ ಪಿಸುಗುಟ್ಟಿದ್ದು. ರುದ್ರಾರಾಧ್ಯರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ನಮಸ್ಕಾರ ಮಾಡಿದರು. ಎರಡು ಆಟಗಳಲ್ಲಿ ಅವರಿಗೆ ಬೆವರೇ ಬಂದಿರಲಿಲ್ಲ. ನನಗೆ ಮೊಣಕೈಯಿಂದ ಹೆಗಲವರೆಗೆ ನೋವಿತ್ತು. ಚೀಟಿ ಕೊಟ್ಟದ್ದನ್ನು ಅವರೂ ತಿಂದಿದ್ದರು, ನಾನೂ ತಿಂದಿದ್ದೆ, ಯಾರಿಗೆ ಮೈಹತ್ತಿದೆ ಅಂತ ನೋಡಿಬಿಡೋಣ ಎಂದು ಕೋಲಿಗೆ ಚಾಕ್ ಉಜ್ಜಿದೆ.

ಮೊದಲ ಫ್ರೇಮು ಅವರು ಗೆದ್ದರು, ಚೆಂದವಾಗಿಯೇ ಗೆದ್ದರು. ಎರಡನೆಯದರಲ್ಲಿ ನಾನು ಅವರಿಗೆ ನೇರ ದಾರಿ ಬಿಡದೆ, ಬಿಳಿ ಚೆಂಡನ್ನು ಒಂದಲ್ಲ ಒಂದರ ಹಿಂದೆ ಮರೆಮಾಡುತ್ತಾ ಹೋದೆ. ಇಕ್ಕಟ್ಟಿನಿಂದ ಹೊರಬರುವುದು ಅವರಿಗೆ ಅಭ್ಯಾಸವೇ ಇರಲಿಲ್ಲ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವವರು ಯಾರಾದರೂ ಎದುರಿಗೆ ಬಿದ್ದಿದ್ದರೆ ತಾನೆ. ಬೆವರು ಒರೆಸಿಕೊಂಡರು, ತಪ್ಪಿದರು, ಆ ಫ್ರೇಮು ನನಗೆ ಬಂತು. ಮೂರನೆಯದು ಎಷ್ಟು ಹೊತ್ತು ನಡೆಯಿತೋ, ಹೊರಗೆ ಬಿಸಿಲು ಇಳಿದು ಚಾವಡಿಯ ಮೆಟ್ಟಿಲು ದಾಟಿತ್ತು. ಕೊನೆಗೆ ಕರಿ ಚೆಂಡು ಒಂದೇ ಉಳಿಯಿತು. ಅದನ್ನು ಹಾಕಿದವರ ಬೀದಿಗೆ ಹೊಳೆ. ರುದ್ರಾರಾಧ್ಯರು ಹೊಡೆದರು, ಕೂದಲೆಳೆಯಷ್ಟರಲ್ಲಿ ತಪ್ಪಿತು. ಕರಿ ದೂರದ ಮೂಲೆಯ ಹತ್ತಿರ, ಬಿಳಿ ನನ್ನ ಹತ್ತಿರ. ಉದ್ದದ ಹೊಡೆತ, ನನಗೆ ಯಾವಾಗಲೂ ತಪ್ಪುವಂಥದ್ದು.

ಬಗ್ಗಿದೆ. ಬಿಳಿ ಚೆಂಡಿನ ಆಚೆ, ಇವತ್ತೂ ಎದುರಿಗೇ ಕೂತಿದ್ದ ದೇವೀರಿಯ ಮುಖ ಹುಡುಕಿದೆ. ಸಿಕ್ಕಿತು, ಆದರೆ ಅದು ಅವಳ ಮುಖವಾಗಿರಲಿಲ್ಲ. ಎರಡು ಕೈಯನ್ನೂ ಬಾಯಿಗೆ ಒತ್ತಿ ಹಿಡಿದಿದ್ದಳು. ಕಣ್ಣು ತುಂಬಿದ್ದವು. ನಾನು ಗೆಲ್ಲಬೇಕೆಂದು ಈ ಪ್ರಪಂಚದಲ್ಲಿ ಅಷ್ಟು ಆಸೆಪಟ್ಟವರನ್ನು ನಾನು ಕಂಡಿಲ್ಲ, ನನ್ನ ಹೆತ್ತವಳೂ ಸೇರಿ. ನನ್ನ ಎದೆ ಒಮ್ಮೆಲೇ ಕರಗಿತು, ಅದರ ಜೊತೆ ಕೈಯೂ ಕರಗಿತು. ಎದ್ದು ನಿಂತೆ. ಮತ್ತೆ ಬಗ್ಗಿದೆ. ಮತ್ತೆ ಅದೇ ಮುಖ. ಈ ಹಾಳಾದವಳಿಗೆ ಪ್ರೀತಿ ಬರುವುದಕ್ಕೆ ಇನ್ನು ಯಾವ ಹೊತ್ತೂ ಸಿಗಲಿಲ್ಲವೇ?

ಅವಳಿಗೆ ತಿಳಿಯಿತು. ನನ್ನ ಕೈ ನೋಡಿಯೇ ತಿಳಿದಿರಬೇಕು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ, ಎಡಗಡೆಗೆ, ಮೂತಿ ತಿರುವಿದಳು.

ಆಹಾ, ಆ ಮೂತಿ! ಇಷ್ಟು ವರ್ಷದ ಇಟ್ಟಿಗೆ ಬಣ್ಣದ ಕೆಂಪುಗಳೆಲ್ಲ ನೆನಪಾದವು. ಕರಿಹಾಲಪ್ಪ ಹೇಳಿದ ಹಾಗೆ ಒಮ್ಮೆ ಉಸಿರು ಬಿಟ್ಟು ಹೊಡೆದೆ. ಬಿಳಿ ಚೆಂಡು ಮೇಜಿನ ಉದ್ದಕ್ಕೂ ನೆಟ್ಟಗೆ ಹೋಗಿ ತಾಗಿತು, ಕರಿ ಮೂಲೆಯ ತೂತಿನಲ್ಲಿ ಸದ್ದಿಲ್ಲದೆ ಇಳಿಯಿತು.

ಆಮೇಲಿನ ಗದ್ದಲ ಹೇಳಿ ಪ್ರಯೋಜನವಿಲ್ಲ. ಓಬಳಯ್ಯ ನನ್ನ ಕಾಲಿಗೆ ಬೀಳಲು ಬಂದರು, ನಾನು ಹಿಂದಕ್ಕೆ ಜಿಗಿದೆ. ರುದ್ರಾರಾಧ್ಯರು ಸೋತ ಮಾತು ಹೇಳಲು ನನ್ನ ಕಿವಿಯ ಹತ್ತಿರ ಬಂದರು. "ಕ್ಷಮಿಸಿ ತಾಯಿ, ಏನ್ ಹೇಳ್ಬೇಕು ಅಂತ ತಿಳೀತಿಲ್ಲ. ಸೋತು ಬಹಳ ವರ್ಷ ಆಯ್ತು" ಎಂದರು. ಆ ಮನುಷ್ಯನನ್ನು ನೋಡಿ ನನಗೆ ನಿಜವಾಗಿ ಮರುಕ ಹುಟ್ಟಿತು.

ದೀಪ ಹಚ್ಚುವ ಹೊತ್ತಿಗೆ ಹೊಳೆ ಬಂತು. ಮೊದಲು ಕಾಲುವೆಯ ಧೂಳನ್ನು ಮುಂದೆ ತಳ್ಳಿಕೊಂಡು, ಕರು ಬಿಚ್ಚಿಕೊಳ್ಳಲು ಓಡಿದವರ ಕಾಲು ತೋಯಿಸಿ, ಆಮೇಲೆ ತಿಳಿಯಾಗಿ ಹರಿಯತೊಡಗಿತು. ಬೀದಿಯವರೆಲ್ಲ ಇದ್ದಬದ್ದ ನೂಲನ್ನೆಲ್ಲ ತಂದು ಇಳಿದರು. ಓಬಳಯ್ಯ ತಮ್ಮ ನೀಲಿಯನ್ನು ಮತ್ತೆ ಹಂಡೆಗೆ ಸುರಿಯುತ್ತಾ ಯಾರನ್ನೋ ಬೈಯುತ್ತಿದ್ದರು. ದೇವೀರಿ ಮತ್ತು ನಾನು ಮೊಣಕಾಲುದ್ದ ನೀರಲ್ಲಿ ನಿಂತು ಒಂದೇ ಕೆಂಪು ನೂಲಿನ ಲಡಿಯ ಎರಡು ತುದಿ ಹಿಡಿದು ಜಾಲಿಸಿದೆವು.

"ಅಕ್ಕಾ" ಎಂದಳು ಅವಳು, ನೂಲಿನಿಂದ ಕಣ್ಣೆತ್ತದೆ. "ಅವತ್ತು ನೀನು ಸೋತಿದ್ರೆ ನನಗ್ ಏನ್ ಮಾತು ಕೊಡ್ತಿದ್ದೆ?"

ನನ್ನ ಹತ್ತಿರ ಮಾತು ಸಿದ್ಧವಾಗಿಯೇ ಇತ್ತು. ಎಷ್ಟೋ ವರ್ಷದಿಂದ ಅವಳ ಆಟ ನೋಡಿ ನೋಡಿ ಕಂಡುಕೊಂಡದ್ದು. ಹೇಳಿದರೆ ಮುಂದಿನ ವರ್ಷ ಅವಳನ್ನು ನಾನು ಗೆಲ್ಲಲಾರೆ, ಅದೂ ಗೊತ್ತಿತ್ತು. ಸೋಲದವಳು ಸೋತ ಮಾತು ಕೊಡಬೇಕೆಂಬ ರೂಢಿಯೂ ಇಲ್ಲ. ಸುಮ್ಮನೆ ನೂಲು ಹಿಂಡುತ್ತಾ ಇದ್ದುಬಿಡಬಹುದಿತ್ತು.

"ಜನ ನೋಡ್ತಾವ್ರೆ ಅಂದ್ರೆ ನೀನು ಚೆಂಡು ನೋಡಲ್ಲ" ಎಂದೆ. "ಅವರು ಹೋ ಅನ್ನೋ ಹೊಡೆತವೇ ಬೇಕು ನಿನಗೆ. ಬಚ್ಚಿಟ್ಟು ಗೆಲ್ಲೋದು ಅವಮಾನ ಅನ್ಸ್ತದೆ. ಆ ಗುಲಾಬೀನ ಸುಮ್ನೆ ಬಿಟ್ಟಿದ್ರೆ ಇವತ್ತು ಗೆದ್ದೋಳು ನೀನು."

ಅವಳು ಲಡಿಯ ತನ್ನ ತುದಿಯನ್ನು ತಂದು ನನ್ನ ಕೈಯಲ್ಲಿಟ್ಟಳು. ಸೀರೆಯ ನೆರಿಗೆ ಹಿಂಡಿಕೊಂಡು ನೀರಿನಿಂದ ಮೇಲೆ ಹತ್ತಿದಳು. ಬೀದಿಯವರೆಲ್ಲ ಹೊಳೆಯಲ್ಲಿ ಕುಣಿಯುತ್ತಿದ್ದಾಗ ಅವಳೊಬ್ಬಳೇ ಮನೆಯೊಳಗೆ ಹೋಗಿ, ಕೋಲು ತೆಗೆದುಕೊಂಡು, ಯಾರೂ ಇಲ್ಲದ ಚಾವಡಿಯ ಕಡೆಗೆ ನಡೆದಳು.